ಸೋದರತ್ತಿ ಇಡೋ ಹೆಸರು

ಗೋಗಿ

ನೀಲಕಂಠಣ್ಣಗ,

ಮಗಳನ್ನ ತೊಟ್ಟಿಲಿಗೆ ಹಾಕ್ತೀವಿ, ಬಾ ಅಂತ ಕರದೀದಿ. ಬರ್ತೇನಿ.

ನನ್ನ ಕೂಸು ನಿದ್ದಿ ಮಾಡಗೊಡವಲ್ದು. ಅದನ್ನ ತೊಡಿ ಮ್ಯಾಲ ಹಾಕ್ಕೊಂಡು ನಮ್ಮ ಕಾಲೇಜಿನ ಕಾಲದ ಆ ಆಟದ ಮಾಸಿಕ ತಿರುವಿ ನೋಡಿದೆ. ದಾಳ ಉರುಳಿಸಿ, ಒಬ್ಬರು ರಾಜ, ಒಬ್ಬರು ಮಾಟಗಾರ ಆಗಿ ಆಡತಿದ್ದಿವಲ್ಲ, ಅದರದು. ಸುರಪುರದ ಗುಡ್ಡದ ಕೆಳಗಿನ ಪಾತಾಳ ರಾಜ್ಯ ಅನ್ನೋ ನಮ್ಮ ಆಟ ಅದರಾಗ ನಿನ್ನೊಬ್ಬನ ಹೆಸರಲೆ ಅಚ್ಚಾಗ್ಯಾದ. ನಕ್ಷಿ ನಾ ಬರದದ್ದು, ರಾಕ್ಷಸರೆಲ್ಲ ನಾ ಹುಟ್ಟಿಸಿದವರು. ಯಾದಗಿರಿಗೆ ಹೋಗಿ ಅದನ್ನ ಮಾಸಿಕಕ್ಕ ಟಪಾಲಿಗೆ ಹಾಕೋ ಮೊದಲು ನೀ ನನ್ನ ಹೆಸರು ಹೊಡದು ಹಾಕಿದಿ. ಕೇಳಿದರ, "ಹುಡುಗಿ ಹೆಸರು ಇದ್ದರ ಯಾರು ಆಡ್ತಾರವ್ವ?" ಅಂತ ನಕ್ಕಿದಿ.

ತೊಟ್ಟಿಲ ಹಗ್ಗ ಇನ್ನೊಮ್ಮೆ ಜಗ್ಗಿ ನೋಡು, ನನಗ ಹೆದರಿಕಿ. ನನ್ನ ಕೂಸಿಗೆ ಬಿಸಿನೀರು ಕಾಸಿ ಇಡಸು. ವೈನಿ ಆರಿಸಿದ ಹೆಸರು ಚಲೋನ ಅದ. ಆದರ ಕಿವ್ಯಾಗ ಹೆಸರು ಹೇಳೋದು ಸೋದರತ್ತಿ ಹಕ್ಕು, ಹೇಳಿದ ಮ್ಯಾಲ ಬದಲು ಮಾಡಂಗಿಲ್ಲ ಅಂತ ಅವ್ವನೇ ಅಂತಾಳ.

ನೀ ಹೊಡದು ಹಾಕಿದ ಹೆಸರನ್ನೇ ನಿನ್ನ ಮಗಳ ಕಿವ್ಯಾಗ ಹೇಳ್ತೇನಿ. ಇನ್ನ ಜಲ್ಮ ಪೂರ್ತಿ ಅದನ್ನೇ ಕೂಗು.

ನಿನ್ನ ತಂಗಿ,
ಉಮಾಶ್ರೀ