ಅಮ್ಮನ ತಿರುವಿನ ಕಲ್ಲನ್ನು ವಾಪಸ್ ತನ್ನಿ

ನಮ್ಮ ರಸ್ತೆಗಳ ಸೌಂದರ್ಯದ ಹೊಣೆ ಹೊತ್ತಿರುವ ಮಾನ್ಯ ಯೋಜನಾಧಿಕಾರಿಗಳೇ,

ನೇರ ವಿಷಯಕ್ಕೆ ಬರುತ್ತೇನೆ. ನನ್ನ ಹಿಂದಿನ ಅರ್ಜಿಗಳಲ್ಲಿ ವಿಷಯ ಎರಡನೇ ಪುಟದಲ್ಲಿತ್ತು, ನಿಮ್ಮ ಕಚೇರಿ ಅಲ್ಲಿಯವರೆಗೆ ಹೋದಂತೆ ಕಾಣಲಿಲ್ಲ. ಮಧುಗಿರಿಯಿಂದ ಹೊರಟು ಚನ್ನರಾಯನದುರ್ಗದ ಬೆಟ್ಟದ ಮಗ್ಗುಲಲ್ಲಿ ಸುತ್ತಿಕೊಂಡು ಕೊರಟಗೆರೆ ಕಡೆಗೆ ಇಳಿಯುವ ರಸ್ತೆಯಲ್ಲಿ, ಅಮ್ಮನ ತಿರುವು ಎನ್ನುವ ಜಾಗದಲ್ಲಿ, ಒಂದು ಕಲ್ಲಿತ್ತು. ಆಳೆತ್ತರದ, ಅರಿಶಿನ ಕುಂಕುಮ ಮೆತ್ತಿದ ಕಲ್ಲು. ನಿಮ್ಮ ಯೋಜನೆ ಅದನ್ನು ಕಿತ್ತು ಬೇರೆ ಕಡೆ ಇಟ್ಟಿದೆ. ಅದನ್ನು ಮೊದಲಿದ್ದಲ್ಲಿಗೇ ತಂದು ನಿಲ್ಲಿಸಿ. ನನ್ನ ಬೇಡಿಕೆ ಇಷ್ಟೇ. ನೀವು ಇಲ್ಲಿಗೇ ಓದುವುದನ್ನು ನಿಲ್ಲಿಸಿದರೂ ನನಗೆ ಬೇಸರವಿಲ್ಲ, ಕಲ್ಲು ಬಂದರೆ ಸಾಕು. ತರುವುದಿಲ್ಲ ಎನ್ನುವುದಾದರೆ ದಯವಿಟ್ಟು ಮುಂದಕ್ಕೆ ಓದಿ.

ನಾನು ಮಧುಗಿರಿಯಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವನು. ಯಾರೋ ಭಕ್ತ ಬರೆಯುತ್ತಿದ್ದಾನೆ ಅಂದುಕೊಳ್ಳಬೇಡಿ. ಹಬ್ಬದ ದಿನವೂ ಹೆಂಡತಿ ಆಶಾರಾಣಿ ಎರಡು ಸಲ ಕೂಗಿದ ಮೇಲೆ ದೇವರ ಮನೆಗೆ ಹೋಗುವವರ ಪೈಕಿ ನಾನು. ನಿಮ್ಮ ಯೋಜನೆಯ ವೈರಿಯೂ ಅಲ್ಲ. ತಿರುವಿನ ರಸ್ತೆಯ ರುಚಿ ಏನೆಂದು ನಿಮ್ಮ ಕಚೇರಿ ಬಣ್ಣದ ಪುಸ್ತಕ ಅಚ್ಚು ಹಾಕಿಸುವುದಕ್ಕೆ ಬಹಳ ಮೊದಲೇ ನನಗೆ ಗೊತ್ತಿತ್ತು. ಶಿರಾದ ಹೆದ್ದಾರಿಯಲ್ಲಿ ಗಾಡಿ ತಾನೇ ಓಡುತ್ತದೆ, ಡ್ರೈವರು ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಮನೆಯ ತಾಪತ್ರಯ ಯೋಚಿಸಬಹುದು. ಪಾವಗಡದಾಚೆ ವಳ್ಳೂರಿನ ಸೋಲಾರ್ ಫಲಕಗಳ ನಡುವೆ ಹೋದರೆ ಎಡಕ್ಕೂ ಬಲಕ್ಕೂ ಅದೇ ನೀಲಿ, ಕಣ್ಣು ಎಳೆಯುತ್ತದೆ. ದೊಡ್ಡೇರಿ ಕಡೆ ಗುಂಡಿ ತಪ್ಪಿಸುವುದನ್ನು ಕಲಿಸಬಹುದು, ನಮ್ಮ ಕಡೆ ಅದೂ ಒಂದು ವಿದ್ಯೆಯೇ. ಆದರೆ ಗಾಡಿ ಓಡಿಸುವುದರಲ್ಲಿ ಸಂತೋಷವಿದೆ ಎಂದು ಒಬ್ಬರಿಗೆ ತೋರಿಸಬೇಕಾದರೆ ದುರ್ಗದ ರಸ್ತೆಗೇ ಕರೆದುಕೊಂಡು ಹೋಗಬೇಕು. ಒಂದು ತಿರುವು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಎದುರಾಗುತ್ತದೆ. ಬಂಡೆ ಒಮ್ಮೆ ಎಡಕ್ಕೆ ಬರುತ್ತದೆ, ಒಮ್ಮೆ ಬಲಕ್ಕೆ. ಹೊಂಗೆಯ ನೆರಳಿನಲ್ಲಿ ಹೋಗುತ್ತಿದ್ದ ಹಾಗೇ ತಟ್ಟನೆ ಬಿಸಿಲು, ಕೆಳಗೆ ದೂರದಲ್ಲಿ ಕೆರೆ. ಸೆಕೆಂಡ್ ಗೇರಿನಲ್ಲಿ ಎಂಜಿನ್ ಒಂದು ಹದಕ್ಕೆ ಬಂದು ಗುನುಗುತ್ತದೆ. ನನ್ನ ಶಿಷ್ಯರನ್ನೆಲ್ಲ ಕೊನೆಯ ಪಾಠಕ್ಕೆ ಅಲ್ಲಿಗೇ ಕರೆದೊಯ್ಯುತ್ತಿದ್ದೆ, ಕಲಿತು ಬಿಟ್ಟವರೂ ಆ ಪಾಠ ಇನ್ನೊಂದು ಸಲ ಬೇಕು ಅಂತ ಬರುತ್ತಿದ್ದರು.

ಆ ರಸ್ತೆಯಲ್ಲಿ ಎಲ್ಲಕ್ಕಿಂತ ಮೋಸದ ತಿರುವು ಅಮ್ಮನ ತಿರುವು. ಬಂಡೆ ಅಡ್ಡ ಬಂದು ಆಚೆ ಏನಿದೆ ಎಂದು ಕಾಣುವುದೇ ಇಲ್ಲ. ಅಲ್ಲಿಯೇ ಕಲ್ಲಿದ್ದದ್ದು. ಅದರ ಮುಂದೆ ನಿಲ್ಲಿಸದೆ ಹೋದ ಗಾಡಿಯನ್ನು ನಾನಂತೂ ಕಂಡವನಲ್ಲ. ಬಸ್ಸಿನವರು, ಜಲ್ಲಿ ಟಿಪ್ಪರಿನವರು, ಮದುವೆ ದಿಬ್ಬಣದವರು, ಎಲ್ಲರೂ ನಿಲ್ಲಿಸಿ, ಹಣೆ ಮುಟ್ಟಿಕೊಂಡು, ಒಂದು ನಿಂಬೆಹಣ್ಣೋ, ಅದೂ ಇಲ್ಲದಿದ್ದರೆ ಒಂದು ಬೆಣಚುಕಲ್ಲೋ ಇಟ್ಟು ಹೊರಡುತ್ತಿದ್ದರು. ಶಿರಾದಿಂದ ಟೆಂಪೋದಲ್ಲಿ ಈರುಳ್ಳಿ ತರುವ ಸಾಬರೊಬ್ಬರು ಕಲ್ಲಿಗೆ ಏನೂ ಇಡುತ್ತಿರಲಿಲ್ಲ, ಆದರೆ ತಪ್ಪದೆ ನಿಲ್ಲಿಸುತ್ತಿದ್ದರು. ಕೇಳಿದ್ದಕ್ಕೆ, "ಎಲ್ರೂ ನಿಲ್ತಾರೆ ಭಾಯ್, ನಾನೊಬ್ನು ಸುಯ್ ಅಂತ ಹೋದ್ರೆ ಬೇಅದಬಿ, ಅಮರ್ಯಾದೆ ಅಲ್ವಾ" ಅಂದಿದ್ದರು. ನಾನೂ ಶಿಷ್ಯರಿಗೆ ಹಾಗೇ ಕಲಿಸಿದೆ. ಅಮ್ಮನ ಮುಂದೆ ಗಾಡಿ ನಿಲ್ಲಿಸು, ಮೊದಲನೇ ಗೇರು ಹಾಕು, ಆಮೇಲೆ ತಿರುಗು.

ತಿರುವಿನ ಮೇಲುಗಡೆ ಕುರಿ ಸಾಕುವವರ ಒಂದು ಹಟ್ಟಿ ಇದೆ. ಬೆಳಿಗ್ಗೆ ಕುರಿಗಳು ರಸ್ತೆ ದಾಟಿ ಗೋಮಾಳಕ್ಕೆ ಇಳಿಯಬೇಕು, ಸಂಜೆ ದಾಟಿ ಮೇಲೆ ಬರಬೇಕು. ಈಗ ಹಟ್ಟಿಯವರ ಒಂದು ಅಭ್ಯಾಸ ಹೇಳುತ್ತೇನೆ, ನಿಮಗೆ ನಗು ಬರಬಹುದು. ಆ ತಿರುವಿನಲ್ಲಿ ರಸ್ತೆ ದಾಟುವಾಗ ಅವರು ಆಚೀಚೆ ನೋಡುವುದೇ ಇಲ್ಲ. ಅದೇ ಜನ ಕೊರಟಗೆರೆ ಬಸ್ ಸ್ಟ್ಯಾಂಡಿನ ಮುಂದೆ ಸೈಕಲ್ಲಿಗೂ ಹೆದರಿ ಸೆರಗು ಹಿಡಿದು ನಿಲ್ಲುತ್ತಾರೆ. ಇಲ್ಲಿ ಮಾತ್ರ ಅಂಗಳದಲ್ಲಿ ಓಡಾಡುವಂತೆ ದಾಟುತ್ತಾರೆ. ಅವರ ಅಜ್ಜಂದಿರ ಕಾಲದಿಂದ ಅಲ್ಲಿ ಗಾಡಿಗಳು ನಿಲ್ಲುತ್ತಲೇ ಬಂದಿದ್ದರೆ ಯಾರು ಯಾಕೆ ನೋಡುತ್ತಾರೆ, ಹೇಳಿ. ಕುರಿಗಳೂ ಹಾಗೇ, ತಲೆ ತಗ್ಗಿಸಿ ಇಳಿದು ಬಿಡುತ್ತವೆ.

ಆಮೇಲೆ ನಿಮ್ಮ ಯೋಜನೆ ಬಂತು. ನಮ್ಮ ರಸ್ತೆ 'ಚಾಲಕರ ಅಚ್ಚುಮೆಚ್ಚಿನ ರಮಣೀಯ ಮಾರ್ಗ'ಗಳ ಪಟ್ಟಿಗೆ ಸೇರಿತು. ನುಣ್ಣಗೆ ಡಾಂಬರು ಬಿತ್ತು, ಅದಕ್ಕೆ ಕೃತಜ್ಞತೆಗಳು. ಕಲ್ಲು ಮಾತ್ರ ನಿಮ್ಮವರ ಕಣ್ಣಿಗೆ ಬಿತ್ತು. ಗಾಡಿಗಳು ಅಲ್ಲಿ ನಿಂತರೆ ಪಯಣದ ಲಯ ತಪ್ಪುತ್ತದೆಯಂತೆ, ಅದೂ ಅಲ್ಲದೆ ರಸ್ತೆಯ ಅಂಚಿನಲ್ಲಿ ಧಾರ್ಮಿಕ ವಸ್ತು ಇರಬಾರದಂತೆ. ನಿಮ್ಮವರು ಒರಟಾಗಿ ನಡೆದುಕೊಂಡರು ಎಂದು ನಾನು ಹೇಳುವುದಿಲ್ಲ. ಪೂಜಾರಿ ದೊಡ್ಡರಂಗಪ್ಪನವರ ಮನೆಗೆ ಹಣ್ಣು ಕಾಯಿ ತೆಗೆದುಕೊಂಡು ಹೋಗಿ ಕೇಳಿದರು. ಅಮ್ಮ ಬಿಸಿಲಲ್ಲಿ ನಿಂತಿದ್ದಾಳೆ, ಮುಂದಿನ ಪಾರ್ಕಿಂಗ್ ಜಾಗದಲ್ಲಿ ಟೈಲ್ಸ್ ಹಾಕಿ, ಮೇಲೆ ಸೂರು ಮಾಡಿ, ದೀಪ ಹಾಕಿಸಿ ಕೂರಿಸುತ್ತೇವೆ ಅಂದರು. ಹಟ್ಟಿಗೆ ಹಟ್ಟಿಯೇ ಖುಷಿಪಟ್ಟಿತು. ಕ್ರೇನಿಗೆ ಮಾವಿನ ಸೊಪ್ಪು ಕಟ್ಟಿದವರು ಅವರೇ. "ನಮ್ಮಪ್ಪನ ಕಾಲ್ದಾಗೂ ಅಮ್ಮುಂಗೆ ಒಂದ್ ನೆಳ್ಳು ಮಾಡಕ್ಕಾಗಿರ್ಲಿಲ್ಲ, ಸರ್ಕಾರ ಮಾಡ್ತು" ಅಂತ ದೊಡ್ಡರಂಗಪ್ಪ ನನಗೇ ಹೇಳಿದರು. ಅವತ್ತು ಪಾಯಸ ತಿಂದವರಲ್ಲಿ ನಾನೂ ಇದ್ದೆ. ಅಮ್ಮ ಎದ್ದು ಹೋದ ಮೇಲೆ ಆ ತಿರುವಿನಲ್ಲಿ ಗಾಡಿ ನಿಲ್ಲಿಸುವವರು ಯಾರು ಎಂಬ ಮಾತು ನಿಮಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ನಮಗೆ ಹೊಳೆಯದಿದ್ದದ್ದು ದಡ್ಡತನ. ನಿಮಗೆ ಹೊಳೆಯದಿದ್ದದ್ದನ್ನು ಏನೆಂದು ಕರೆಯಬೇಕೋ, ಕಚೇರಿ ಭಾಷೆಯಲ್ಲಿ ಅದಕ್ಕೊಂದು ಒಳ್ಳೆಯ ಪದವಿರುತ್ತದೆ.

ಕಲ್ಲಿದ್ದ ಜಾಗದಲ್ಲಿ ನೀವು ಬೋರ್ಡು ನೆಡಿಸಿದಿರಿ. 'ಮುಂದೆ ರೋಮಾಂಚಕ ತಿರುವು, ಆನಂದಿಸಿ'.

ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಬಿಂದುಶ್ರೀ ಎಂಬ ಶಿಷ್ಯೆಯನ್ನು ಕರೆದುಕೊಂಡು ಹೋಗಿದ್ದೆ. ಆಸ್ಪತ್ರೆಯಲ್ಲಿ ನರ್ಸು, ಗಟ್ಟಿ ಹುಡುಗಿ, ಕೈ ಚೆನ್ನಾಗಿ ಕುದುರಿತ್ತು. ಅಮ್ಮನ ತಿರುವು ಬಂದಾಗ ಬಾಯಿ ಅಭ್ಯಾಸಕ್ಕೆ "ನಿಲ್ಸಮ್ಮ" ಅಂದೆ.

"ಸಾರ್, ಇಲ್ಲೀಗ ಏನೂ ಇಲ್ವಲ್ಲ" ಅಂದಳು.

"ಆದ್ರೂ ನಿಲ್ಸಮ್ಮ" ಅಂದೆ. ಎಡಕ್ಕೆ ತೆಗೆದುಕೊಂಡು ನಿಲ್ಲಿಸಿದಳು.

ಮೇಲೆ ದಿಣ್ಣೆಯ ಮೇಲೆ ಕ್ಯಾತಣ್ಣ ನಿಂತಿದ್ದ. ಹಟ್ಟಿಯ ಹಿರಿಯ, ಕಂಬಳಿ ಹೆಗಲ ಮೇಲಿಲ್ಲದೆ ಅವನನ್ನು ನಾನು ನೋಡಿಯೇ ಇಲ್ಲ. ಕಾರು ನಿಂತದ್ದನ್ನು ಕಂಡು ಸಿಳ್ಳೆ ಹಾಕಿ ಕುರಿ ಇಳಿಸಿದ, ತಾನೂ ಇಳಿದ. ಅದೇ ಹೊತ್ತಿಗೆ ನಮ್ಮ ಹಿಂದಿನಿಂದ ಒಂದು ಕೆಂಪು ಕಾರಿನ ಸದ್ದು ಬಂತು. ಸುಳ್ಳೇಕೆ ಹೇಳಲಿ, ಒಳ್ಳೆಯ ಎಂಜಿನ್, ಕೇಳಿ ನನಗೆ ಹಿತವೇ ಆಯಿತು. ಅದು ಹಿಂದಿನ ತಿರುವಿನ ಬಂಡೆ ದಾಟಿ ಬಂದಾಗ ಎದುರಿಗೆ ನಿಂತ ನಮ್ಮ ಕಾರು ಕಂಡಿದೆ. ಓಡಿಸುತ್ತಿದ್ದವನು ನಮಗೆ ಗುದ್ದಬಾರದೆಂದು ಬಲಕ್ಕೆ ಎಳೆದಿದ್ದಾನೆ. ಬಲಕ್ಕೆ ಕುರಿಗಳಿದ್ದವು, ಕುರಿಗಳ ಮಧ್ಯೆ ಕ್ಯಾತಣ್ಣ ಇದ್ದ.

ಎಷ್ಟು ಕುರಿ ಸತ್ತವು ಎನ್ನುವುದು ನಿಮ್ಮ ಕಡತದಲ್ಲಿದೆ, ಮತ್ತೆ ಎಣಿಸಲು ನನಗೆ ಮನಸ್ಸಿಲ್ಲ. ಬಿಂದುಶ್ರೀ ಸೊಂಟ ಅಲುಗದಂತೆ ನನ್ನ ಛತ್ರಿಯನ್ನು ಕ್ಯಾತಣ್ಣನ ಕಾಲಿಗೆ ಒತ್ತುಕೊಟ್ಟು ತನ್ನ ದುಪಟ್ಟಾದಿಂದ ಬಿಗಿದು ಕಟ್ಟಿದಳು. ಆಮೇಲೆ ಆ ಹುಡುಗಿ ಸ್ಟೀರಿಂಗ್ ಮುಟ್ಟಿಲ್ಲ. ಕಾರಿನವನ ಹೆಸರು ಚಂದ್ರಶೇಖರ್, ಬೆಂಗಳೂರಿನಿಂದ ನಿಮ್ಮ ಪಟ್ಟಿ ನೋಡಿಕೊಂಡು ಬಂದಿದ್ದ. ಅವನನ್ನು ದುಷ್ಟ ಎಂದು ಬರೆದರೆ ಪತ್ರಕ್ಕೆ ಕಳೆ ಬರುತ್ತಿತ್ತು, ಆದರೆ ಅವನು ದುಷ್ಟನಲ್ಲ. ಕ್ಯಾತಣ್ಣನನ್ನು ತನ್ನ ಕೈಯಾರೆ ಎತ್ತಿಕೊಂಡ, ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತ. "ನೀವ್ಯಾಕೆ ನಿಲ್ಸಿದ್ರಿ ಅಂಕಲ್? ಅಲ್ಲಿ ಏನೂ ಇರ್ಲಿಲ್ವಲ್ಲ" ಎಂದು ಕೇಳಿದ. ನನ್ನ ಹತ್ತಿರ ಉತ್ತರವಿತ್ತು, ಆದರೆ ಅದನ್ನು ಹೇಳಲು ಕಲ್ಲಿನ ಕತೆಯಿಂದ ಶುರು ಮಾಡಬೇಕಿತ್ತು.

ಕ್ಯಾತಣ್ಣನ ಸೊಂಟದ ಮೂಳೆ ಮುರಿದಿದೆ. ಇನ್ನು ಅವನು ಬೆಟ್ಟ ಹತ್ತುವ ಹಾಗಿಲ್ಲ. ನೋಡಲು ಹೋದಾಗ ನನ್ನನ್ನೇ ಸಮಾಧಾನ ಮಾಡಿದ.

"ನಿಮ್ದೇನ್ ತಪ್ಪಿಲ್ಲ ಬುಡಿ ಸಾ. ಅಮ್ಮ ಅಲ್ಲಿಲ್ಲ ಅಂತ ನಂಗೊತ್ತು, ಕ್ರೇನಿನ ಹಗ್ಗ ಹಿಡ್ದೋನೇ ನಾನು. ಆದ್ರೆ ನಿಮ್ ಕಾರು ನಿಂತ್ಕಂತು ನೋಡಿ. ಗಾಡಿ ನಿಂತ್ಮ್ಯಾಕೆ ಅಮ್ಮ ಇದ್ದಂಗೇ ಅಂದ್ಕಂಡ್ಬುಟ್ಟೆ." ಮತ್ತೆ ಅಂದ, "ನಂಗಾದ್ರೆ ಹೇಳಿದ್ರೆ ಗೊತ್ತಾಯ್ತದೆ. ಕುರಿಗೋಳ್ಗೆ ಯಾರ್ ಹೇಳ್ಬೇಕು?"

ನಾನು ಎದ್ದು ಹೊರಗೆ ಬಂದೆ. ನನಗೆ ಅಳು ಬಂದಿತ್ತು, ಅದನ್ನು ಇಲ್ಲಿ ಬರೆಯಲು ಸಂಕೋಚವಿಲ್ಲ.

ನಿಮ್ಮ ಕಚೇರಿಯ ಉತ್ತರ ಈಗ ಬಂದಿದೆ. 'ಸದರಿ ಸ್ಥಳದಲ್ಲಿ ವಾಹನವನ್ನು ನಿಲ್ಲಿಸಲು ಯಾವುದೇ ಕಾರಣ ಕಂಡುಬಂದಿರುವುದಿಲ್ಲ' ಎಂದಿದ್ದೀರಿ. ಎಷ್ಟು ಸರಿಯಾಗಿ ಬರೆದಿದ್ದೀರಿ! ಕಾರಣವನ್ನು ನೀವೇ ಕ್ರೇನಿನಲ್ಲಿ ಎತ್ತಿಕೊಂಡು ಹೋಗಿ ಟೈಲ್ಸ್ ಮೇಲೆ ನಿಲ್ಲಿಸಿದ್ದೀರಲ್ಲ, ಇನ್ನೆಲ್ಲಿ ಕಂಡುಬರಬೇಕು? ಹಂಪ್ ಆದರೂ ಹಾಕಿಸಿ ಎಂದು ಕೇಳಿದ್ದೆ. ರಮಣೀಯ ಮಾರ್ಗದಲ್ಲಿ ಹಂಪ್ ಹಾಕಿದರೆ ತಗ್ಗಿನ ಕಾರುಗಳ ಹೊಟ್ಟೆ ತಾಗುತ್ತದೆ, ಅವಕಾಶವಿಲ್ಲ ಎಂದಿರಿ. ಕಾರುಗಳ ಹೊಟ್ಟೆಯ ಬಗ್ಗೆ ಇಷ್ಟು ಕಾಳಜಿಯಿರುವ ಕಚೇರಿ ನಮ್ಮ ಜಿಲ್ಲೆಯಲ್ಲಿದೆ ಎನ್ನುವುದು ಹೆಮ್ಮೆಯ ಸಂಗತಿ. ಹಟ್ಟಿಯವರು ರಸ್ತೆ ದಾಟುವ ಜಾಗವನ್ನು ಬದಲಿಸಿಕೊಳ್ಳಬೇಕು ಎಂದೂ ಸಲಹೆ ಕೊಟ್ಟಿದ್ದೀರಿ. ಎಲ್ಲಿಗೆ ಬದಲಿಸಲಿ? ಒಂದು ಕಡೆ ಬಂಡೆ, ಇನ್ನೊಂದು ಕಡೆ ನಿಮ್ಮ ಹೊಸ ತಡೆಗೋಡೆ. ಕುರಿ ಇಳಿಯಲು ಸಂದಿಯಿರುವುದು ಅಲ್ಲಿ ಮಾತ್ರ. ನೀವು ಸ್ಥಳ ಪರಿಶೀಲನೆ ಮಾಡಿದ್ದರೆ ಇದು ಕಾಣುತ್ತಿತ್ತು. ನಿಮ್ಮ ವಾಹನ ಆ ತಿರುವಿನಲ್ಲಿ ನಿಲ್ಲಲಿಲ್ಲವೇನೋ, ನಿಲ್ಲಲು ಕಾರಣವಿರಲಿಲ್ಲವಲ್ಲ.

ಈಗ ಕುರಿಗಳನ್ನು ನೋಡಿಕೊಳ್ಳುತ್ತಿರುವವಳು ಕ್ಯಾತಣ್ಣನ ಸೊಸೆ ಗಂಗಾಲಕ್ಷ್ಮಿ. ಗಂಡ ಜಯರಾಮು ವಳ್ಳೂರಿನ ಕಡೆ ಸೋಲಾರ್ ಫಲಕ ತೊಳೆಯುವ ಕೆಲಸಕ್ಕೆ ಹೋಗುತ್ತಾನೆ, ವಾರಕ್ಕೊಮ್ಮೆ ಬರುತ್ತಾನೆ. ಕುರಿಗಳು ಹಳೆಯ ಚಾಳಿ ಬಿಟ್ಟಿಲ್ಲ. ಆದ್ದರಿಂದ ಅವಳು ಒಂದು ಉಪಾಯ ಮಾಡಿದ್ದಾಳೆ. ಬೆಳಿಗ್ಗೆಯೂ ಸಂಜೆಯೂ ಮೊದಲು ತಾನು ಇಳಿದು, ಕಲ್ಲಿದ್ದ ಜಾಗಕ್ಕೆ ಹೋಗಿ, ಕೆಂಪು ಟವೆಲ್ ಹಿಡಿದು ನಿಲ್ಲುತ್ತಾಳೆ. ಕುರಿಗಳು ತಾವಾಗಿ ಇಳಿದು ದಾಟುತ್ತವೆ. ಎಲ್ಲಾ ದಾಟಿದ ಮೇಲೆ ಅವಳು ಅವುಗಳ ಹಿಂದೆ ಹೋಗುತ್ತಾಳೆ.

ಹಳೆಯ ಡ್ರೈವರುಗಳು ಅವಳನ್ನು ಕಂಡರೆ ನಿಲ್ಲಿಸುತ್ತಾರೆ. ಮೊನ್ನೆ ನಾನು ಅಲ್ಲಿದ್ದಾಗಲೇ ಒಬ್ಬ ಟಿಪ್ಪರಿನವನು ನಿಲ್ಲಿಸಿ, ಕೈ ರೂಢಿಯಂತೆ ಹಣೆ ಮುಟ್ಟಿಕೊಂಡು, ಇಳಿದು ಬಂದು ಅವಳ ಕಾಲ ಹತ್ತಿರ ನಿಂಬೆಹಣ್ಣು ಇಟ್ಟ. ಅವಳು ಟವೆಲ್ ಕೆಳಗಿಳಿಸದೆ ಬೈದಳು, "ಏನಣ್ಣೋ, ನಾನಿನ್ನೂ ಬದುಕಿವ್ನಿ ಕಣಣ್ಣ, ನಂಗ್ಯಾಕೆ ನಿಂಬೆಹಣ್ಣು?" ಅವನು ನಾಚಿಕೊಂಡು ಹಣ್ಣು ಎತ್ತಿಕೊಂಡು ಹೋದ. ಹಿಂದೆ ನಿಂತಿದ್ದ ಗಾಡಿಯವರೆಲ್ಲ ನಕ್ಕರು, ನಾನೂ ನಕ್ಕೆ. ನಿಮ್ಮ ಪಟ್ಟಿ ಹಿಡಿದು ಬರುವ ಭಾನುವಾರದವರು ಮಾತ್ರ ಬೇರೆ. ಕೆಲವರು ಹಾರ್ನ್ ಹಾಕಿ ಪಕ್ಕದಲ್ಲೇ ನುಗ್ಗುತ್ತಾರೆ. ಕೆಲವರು ನಿಧಾನ ಮಾಡುತ್ತಾರೆ, ಅದು ಕಿಟಕಿಯಿಂದ ಮೊಬೈಲ್ ಚಾಚಿ ಅವಳ ವಿಡಿಯೋ ಮಾಡಿಕೊಳ್ಳಲು. ಒಂದು ಬೈಕು ಅವಳ ಸೆರಗಿಗೆ ಕನ್ನಡಿ ತಾಗಿಸಿಕೊಂಡು ಹೋದದ್ದನ್ನು ನಾನು ಕಣ್ಣಾರೆ ಕಂಡೆ.

"ಭಯ ಆಗಲ್ವೇನಮ್ಮ?" ಎಂದು ಕೇಳಿದೆ.

"ಆಗ್ತದೆ ಸಾ. ಅಂಗಂತ ಕುರಿ ಉಪಾಸ ಕೆಡವಕ್ಕಾಯ್ತದಾ? ಅಮ್ಮ ಬರೋಗಂಟ ನಿಂತ್ಕತೀನಿ. ಬತ್ತಾಳೆ ಅಲ್ವಾ, ನೀವು ಬರ್ದಿದೀರಂತಲ್ಲ" ಅಂದಳು.

ಮಾನ್ಯರೇ, ಅವಳು ಅದನ್ನು ನಂಬಿಕೊಂಡು ನಿಂತಿದ್ದಾಳೆ. ನಾನು ಬರೆದೆ ಅಂದರೆ ನೀವು ಓದುತ್ತೀರಿ, ಓದಿದರೆ ಕಲ್ಲು ಬರುತ್ತದೆ ಎಂದು. ನನಗೆ ಅವಳ ಮುಖ ನೋಡಲಾಗುತ್ತಿಲ್ಲ. ನಿಮ್ಮನ್ನು ಬೈಯುವ ಉತ್ಸಾಹವೂ ಈಗ ಉಳಿದಿಲ್ಲ. ಕಾಗದ ಪತ್ರದಲ್ಲಿ ದೇವರು ಎಂದು ಬರೆಯಲು ನಿಯಮ ಅಡ್ಡ ಬರುವುದಾದರೆ ಬರೆಯಬೇಡಿ. ಎಚ್ಚರಿಕೆಯ ಕಂಬ ಎಂದು ಬರೆದುಕೊಳ್ಳಿ, ಮೈಲಿಗಲ್ಲು ಎಂದು ಬರೆದುಕೊಳ್ಳಿ, ರಮಣೀಯ ಶಿಲೆ ಎಂದರೂ ಆದೀತು. ದೊಡ್ಡರಂಗಪ್ಪನವರು ಒಪ್ಪಿದ್ದಾರೆ, ಸೂರು ಬೇಡ, ದೀಪ ಬೇಡ, ಅಮ್ಮನಿಗೆ ಬಿಸಿಲು ಹೊಸದಲ್ಲ ಅನ್ನುತ್ತಾರೆ. ಅಮ್ಮನನ್ನು ಒಯ್ಯಲು ಬಂದಿದ್ದ ಕ್ರೇನಿಗೆ ವಾಪಸ್ ಬರಲು ದಾರಿ ಗೊತ್ತಿರಬೇಕು.

ಆ ತಿರುವಿನಲ್ಲಿ ಇಷ್ಟು ಕಾಲ ನಿಂತಿದ್ದದ್ದು ಕಲ್ಲು. ಹತೋಟಿ ತಪ್ಪಿದ ಗಾಡಿ ಬಂದು ಗುದ್ದಿದ್ದರೆ ಒಂದಿಷ್ಟು ಕುಂಕುಮ ಉದುರುತ್ತಿತ್ತು, ಯಾರದೋ ಬಂಪರ್ ಮುರಿಯುತ್ತಿತ್ತು. ಈಗ ಅಲ್ಲಿ ಗಂಗಾಲಕ್ಷ್ಮಿ ನಿಂತಿದ್ದಾಳೆ. ಬರುವ ಭಾನುವಾರದೊಳಗೆ ಕಲ್ಲನ್ನು ತನ್ನಿ, ಅವಳು ಮನೆಗೆ ಹೋಗಲಿ.

ಇಂತಿ,
ಪಕ್ಕದ ಸೀಟಿನಲ್ಲಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಅರ್ಧ ಆಯುಷ್ಯ ಕಳೆದ,
ಆದರೂ ಎಲ್ಲವನ್ನೂ ನಿಲ್ಲಿಸಲಾಗದ
ಶಂಕರಲಿಂಗಪ್ಪ
ಮಧುಗಿರಿ