ಎರಡು ಬ್ರಷ್ಷಿನ ಮನೆ

ಏಪ್ರಿಲ್ ೧೧, ಶುಕ್ರವಾರ
ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ಊಟದ ಬಿಡುವು

ನನ್ನ ದೊಡ್ಡ ಮಗಳಿಗೆ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈಯಬೇಡ. ಬೈದರೂ ಸರಿಯೇ, ಚಿಕ್ಕಮ್ಮನ ಮುಂದೆ ಮಾತ್ರ ಬೈಯಬೇಡ, ಅವಳು ಜೊತೆಗೆ ಎರಡು ಸೇರಿಸುತ್ತಾಳೆ. ನೀನು ಚೆನ್ನಾಗಿದ್ದೀಯಾ? ಪರೀಕ್ಷೆ ಹೇಗಾಯಿತು? ಕೆಮ್ಮು ಹೋಯಿತಾ? ನಾನೂ ನಿನ್ನ ತಂಗಿ ಗುಬ್ಬಿಯೂ ಚೆನ್ನಾಗಿದ್ದೇವೆ. ಗುಬ್ಬಿಗೆ ಮುಂದಿನ ಹಲ್ಲು ಬಿದ್ದಿದೆ. ಆ ಸಂದಿಯಲ್ಲಿ ಸಿಳ್ಳೆ ಹಾಕಿ ನನ್ನ ತಲೆ ತಿನ್ನುತ್ತಾಳೆ.

ಫೋನಿನಲ್ಲಿ ಹೇಳೋಣವೆಂದರೆ ಗೋಡೆ ತೆಳು. ಪಕ್ಕದ ಮನೆಯವರು ಸೀನಿದರೆ ನಾವೇ ಮೂಗು ಒರೆಸಿಕೊಳ್ಳಬೇಕು, ಹಾಗಿದೆ. ಅದಕ್ಕೇ ಇಲ್ಲಿ, ಮಡಚಿಟ್ಟ ಹಾಸುಬಟ್ಟೆಗಳ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದಗಳೂ ಇಲ್ಲೇ ನನ್ನ ಬೀರುವಿನಲ್ಲಿವೆ. ಮನೆಯಲ್ಲಿ ಇಟ್ಟಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳು.

ಮೊದಲು ಮನೆಯ ವಿಷಯ. ಮೂರನೇ ಮಹಡಿ, ಒಂದೇ ಕೋಣೆ, ಆದರೆ ಕಿಟಕಿ ದೊಡ್ಡದು. ನಲ್ಲಿ ತಿರುಗಿಸಿದರೆ ನೀರು ಬರುತ್ತದೆ! ಮೊದಲ ವಾರ ಸುಮ್ಮನೆ ತಿರುಗಿಸಿ ನೋಡುತ್ತಿದ್ದೆ. ಇದನ್ನು ಕೊಡಿಸಿದವರು ವಸತಿ ಕಚೇರಿಯ ಮೇಡಂ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ನೀನು ಚಿಕ್ಕಮ್ಮನ ಮನೆಗೆ ಹೋದ ಮೇಲೆ ನಾವಿಬ್ಬರೂ ಆಶ್ರಯ ಕೇಂದ್ರದಲ್ಲಿದ್ದೆವಲ್ಲ, ಅಲ್ಲಿಂದ ಬಂದವರು ಅಂದ ಕೂಡಲೇ ಎಷ್ಟೋ ಮಾಲೀಕರು ಬಾಗಿಲು ಹಾಕಿಕೊಂಡರು. ಆ ಮೇಡಂ ಬಿಡಲಿಲ್ಲ. ಈ ಮನೆಗೆ ತಾವೇ ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ, ಚಿಲಕ ಎಳೆದು ನೋಡಿ, ಮಾಲೀಕನಿಗೆ, "ಈ ಚಿಲಕ ಊದಿದ್ರೆ ಹಾರಿಹೋಗುತ್ತೆ. ಹೆಣ್ಣುಮಕ್ಕಳಿರೋ ಮನೆ ರೀ. ಹೊಸದು ಹಾಕ್ಸಿ, ಆಮೇಲೆ ಸಹಿ," ಅಂದರು. ಅಂಥವರಿಗೆ ನಾನು ಸುಳ್ಳು ಹೇಳಿದ್ದೇನೆ.

ಅರ್ಜಿ ತುಂಬುವ ದಿನ ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ಕಿವಿಯಲ್ಲಿ ಹೇಳಿದಳು, "ತಲೆ ಕಡಿಮೆ ಹೇಳು ಕಣಕ್ಕ, ಬೇಗ ಸಿಗುತ್ತೆ. ನಾಲ್ಕು ಜನ ಅಂದೋರು ಇನ್ನೂ ಸಾಲಲ್ಲೇ ಇದ್ದಾರೆ." ಮೇಡಂ ಎಷ್ಟು ಜನ ಅಂತ ಕೇಳಿದಾಗ ನನ್ನ ಬಾಯಿಂದ "ನಾನು, ಮಗು" ಅಂತಷ್ಟೇ ಬಂತು. ಅವರು 'ಇಬ್ಬರು' ಅಂತ ಬರೆದರು. ಚಿಕ್ಕಮ್ಮನ ಮನೆಯಲ್ಲಿ ನಿನಗೆ ಸೂರಿದೆ, ಊಟವಿದೆ, ಮೊದಲು ಗುಬ್ಬಿಗೊಂದು ಸೂರು ಮಾಡಿಬಿಡೋಣ, ಆಮೇಲೆ ನಿನ್ನನ್ನು ಸೇರಿಸಿದರಾಯಿತು ಅಂದುಕೊಂಡೆ. ಸೇರಿಸುವುದು ಹಾಗಲ್ಲವಂತೆ. ಮೊದಲ ವರ್ಷ ಅರ್ಜಿಯಲ್ಲಿ ಇದ್ದವರು ಮಾತ್ರ ಇರಬೇಕು. ಹೆಚ್ಚಿಗೆ ಒಬ್ಬರು ಸಿಕ್ಕಿದರೆ ಬೀಗದ ಕೈ ವಾಪಸ್ಸು.

ನೋಡಲು ಕಚೇರಿಯಿಂದ ಒಬ್ಬರು ಬರುತ್ತಾರೆ. ಹೇಳದೆ ಕೇಳದೆ ಬರುತ್ತಾರೆ. ಇಲ್ಲಿ ಎಲ್ಲರೂ ಅವರನ್ನು ಎಣಿಸೋರು ಅಂತಲೇ ಕರೆಯುವುದು. ಗಟ್ಟಿಯಾಗಿ ಮಾತಾಡುವವರಲ್ಲ, ಪಾಪ. ಹಾಸಿಗೆ ನೋಡುತ್ತಾರೆ, ಚಪ್ಪಲಿ ನೋಡುತ್ತಾರೆ, ಬಚ್ಚಲಿಗೆ ಹೋಗಿ ಹಲ್ಲುಜ್ಜುವ ಬ್ರಷ್ಷು ಎಣಿಸುತ್ತಾರೆ. ಈಗ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿದ್ದ ಕೆಲಸ ಬಿಟ್ಟು ನಾನೂ ಮಹಡಿ ಎಣಿಸುತ್ತೇನೆ. ಎರಡನೇ ಮಹಡಿಯಲ್ಲಿ ನಿಂತರೆ ಉಸಿರು ಬಿಡುತ್ತೇನೆ. ಹತ್ತುತ್ತಲೇ ಬಂದರೆ ಗುಬ್ಬಿಯ ಬಾಯಿ ಮುಚ್ಚುತ್ತೇನೆ. ಅವಳೇನೂ ಮಾತಾಡುತ್ತಿರುವುದಿಲ್ಲ, ಆದರೂ ಮುಚ್ಚುತ್ತೇನೆ.

ಪರೀಕ್ಷೆ ಮುಗಿದ ಮೇಲೆ ಬರುತ್ತೇನೆ ಅಂತ ನಿನ್ನ ಕಾಗದ ಬಂದ ದಿನ ಖುಷಿ ತಡೆಯಲಾರದೆ ನಿನಗೊಂದು ನೀಲಿ ಬ್ರಷ್ಷು ತಂದು ನಮ್ಮದರ ಪಕ್ಕ ನಿಲ್ಲಿಸಿದ್ದೆ. ನನ್ನ ಬುದ್ಧಿಗೆ ಏನು ಹೇಳಲಿ! ಮೂರನೇ ದಿನವೇ ಎಣಿಸೋರು ಬಂದರು.

"ಇಬ್ಬರಿಗೆ ಮೂರು ಬ್ರಷ್ಷೇನಮ್ಮಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಗುಬ್ಬಿ, "ಅದು ಅಕ್ಕಂದು!" ಅಂದುಬಿಟ್ಟಳು.

ಅವಳನ್ನು ಹಿಂದಕ್ಕೆ ಎಳೆದುಕೊಂಡೆ. "ನನ್ನ ತಂಗಿ ಮಗಳು ಸಾರ್," ಅಂದೆ. "ರಜೆಗೆ ಬರ್ತಾಳೆ." ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, "ನೆಂಟರು ಹತ್ತು ದಿನ ಇರಬಹುದು, ಹನ್ನೊಂದನೇ ದಿನ ಇರಬಾರದು," ಅಂತ ಬರೆದುಕೊಂಡು ಹೋದರು. ಅವರು ಇಳಿದುಹೋದ ಮೇಲೆ ಗುಬ್ಬಿಗೆ ಬೈದೆ. ಅವಳು ಅತ್ತಳು, ನಾನೂ ಅತ್ತೆ.

ಈಗ ನೀಲಿ ಬ್ರಷ್ಷು ಇಲ್ಲೇ ಬೀರುವಿನಲ್ಲಿ, ನಿನ್ನ ಕಾಗದಗಳ ಜೊತೆಗಿದೆ.

ನನ್ನ ಹಾಸಿಗೆ ಕಿಟಕಿಯ ಪಕ್ಕ ಹಾಕು ಅಂತ ಬರೆದಿದ್ದೀಯಲ್ಲ. ಹಾಕುತ್ತೇನೆ ಕಣೇ, ಹತ್ತು ದಿನ ಹಾಕುತ್ತೇನೆ. ಇಪ್ಪತ್ತೊಂದಕ್ಕೆ ಬಾ. ದೊಡ್ಡ ಪೆಟ್ಟಿಗೆ ತರಬೇಡ, ಕೈಚೀಲ ಸಾಕು. ಇನ್ನೊಂದು ಮಾತಿದೆ. ಇದನ್ನು ಬರೆಯಲಾರದೆಯೇ ಮೂರು ವಾರ ಕಳೆದದ್ದು. ಇಲ್ಲಿ ಇರುವಷ್ಟು ದಿನ ನನ್ನನ್ನು ದೊಡ್ಡಮ್ಮ ಅಂತ ಕರಿ. ಮೆಟ್ಟಿಲ ಮೇಲೆ, ಕೆಳಗೆ ಬಾಗಿಲ ಹತ್ತಿರ, ಕೋಣೆಯ ಒಳಗೂ. ಗೋಡೆ ತೆಳು ಅಂದೆನಲ್ಲ. ಗುಬ್ಬಿಗೆ ಏನೂ ತೊಂದರೆಯಿಲ್ಲ, ಚಿಕ್ಕಮ್ಮನ ಮಗಳಾದರೂ ನೀನು ಅವಳಿಗೆ ಅಕ್ಕನೇ. ಕಷ್ಟ ನಮ್ಮಿಬ್ಬರದೇ. ಬರುವ ದಾರಿಯಲ್ಲಿ ಬಾಯಿಪಾಠ ಮಾಡಿಕೊಂಡು ಬಾ. ಪದ್ಯ ಒಂದೂ ತಪ್ಪದೆ ಒಪ್ಪಿಸುತ್ತಿದ್ದೆ ನೀನು, ಇದೇನು ಮಹಾ.

ಸಿಟ್ಟು ಬಂದರೆ ಬರಲಿ. ಆದರೆ ಬಸ್ ನಿಲ್ದಾಣದ ಆ ಹನ್ನೊಂದು ದಿನ ನೆನಪು ಮಾಡಿಕೋ. ನಿಮ್ಮಪ್ಪ ಬಿಟ್ಟುಹೋಗಿ, ಮನೆ ಖಾಲಿ ಮಾಡಿಸಿದ ಮೇಲೆ, ಗುಬ್ಬಿಯನ್ನು ಮಧ್ಯ ಮಲಗಿಸಿಕೊಂಡು ಸರದಿಯ ಮೇಲೆ ಎಚ್ಚರವಿರುತ್ತಿದ್ದೆವು. ಅಲ್ಲಿಗೆ ಮತ್ತೆ ಹೋಗುವ ಧೈರ್ಯ ನನಗಿಲ್ಲ.

ಗಂಟೆ ಹೊಡೆಯಿತು, ಯಂತ್ರದ ಹತ್ತಿರ ಹೋಗಬೇಕು. ಚಿಕ್ಕಮ್ಮನಿಗೆ ನಾನು ನೆನೆಸಿಕೊಂಡೆ ಅಂತ ಹೇಳು. ಹೊತ್ತು ಹೊತ್ತಿಗೆ ತಿನ್ನು. ನೀನು ಓದಿ ನಿನ್ನ ಕಾಲ ಮೇಲೆ ನಿಲ್ಲುವಂತಾಗಲಿ, ಯಾರ ಎಣಿಕೆಗೂ ಹೆದರದ ಮನೆ ನಿನಗೆ ಸಿಗಲಿ, ಅದೇ ನನ್ನ ಹರಕೆ. ಇದನ್ನು ಓದಿ ಹರಿದುಹಾಕು.

ನಿನ್ನ
ಅಮ್ಮ
(ಕಾಗದದಲ್ಲಾದರೂ ಹೀಗೇ ಬರೆದುಕೊಳ್ಳುತ್ತೇನೆ)

ಮರೆತ ಮಾತು: ಸುಳ್ಳು, ಮರೆತಿರಲಿಲ್ಲ. ಲಕೋಟೆ ಅಂಟಿಸಲು ಹೋಗಿ ಕೈ ಬರಲಿಲ್ಲ, ಮತ್ತೆ ತೆಗೆದೆ.

ಬುಧವಾರ ಮೇಡಂ ಮನೆಗೆ ಬಂದಿದ್ದರು. ಎರಡು ಕೋಣೆಯ ಮನೆಗಳು ಬಂದಿವೆಯಂತೆ. ಮನೆಯಿಲ್ಲದೆ ಮಕ್ಕಳನ್ನು ಬೇರೆ ಕಡೆ ಬಿಟ್ಟಿರುವ ತಾಯಂದಿರಿಗೆ ಮೊದಲು ಕೊಡುವುದಂತೆ. ಮೊದಲಿನಿಂದಲೂ ಅದೇ ನಿಯಮವಂತೆ, ಮಗಳೇ. ಅಂದೇ ನಿನ್ನ ಹೆಸರು ಹೇಳಿದ್ದರೆ ನಾವು ಸಾಲಿನಲ್ಲಿ ಹಿಂದೆ ಅಲ್ಲ, ಮುಂದೆ ಇರುತ್ತಿದ್ದೆವು.

ಕುರ್ಚಿ ಹತ್ತಿರ ಎಳೆದುಕೊಂಡು ಮೆಲ್ಲಗೆ ಕೇಳಿದರು, "ಹೆದರ್ಕೊಂಡು ಯಾರನ್ನಾದ್ರೂ ಬಿಟ್ಟಿದ್ದೀರೇನಮ್ಮ? ಇದ್ರೆ ಹೇಳಿ, ತಿದ್ದೋಣ."

"ಇಲ್ಲ," ಅಂದೆ.

"ಹೆತ್ತಿದ್ದು ಒಂದೇನಾ?"

"ಒಂದೇ," ಅಂದೆ. ಒಂದು ಸುಳ್ಳಿಗೆ ಸಹಿ ಹಾಕಿದವಳು, ನಿಜ ಹೇಳಿದರೆ ಈ ಕೋಣೆಯೂ ಹೋಗುತ್ತದೆ ಅಂತ ಹೆದರಿದೆ. ಎರಡು ದಿನ ನೋವು ತಿಂದು ನಿನ್ನನ್ನು ಹೆತ್ತವಳು ಹೀಗೆ ಅಂದೆ. ಅವರು ಹಾಳೆಯಲ್ಲಿ 'ಬೇರೆ ಮಕ್ಕಳು' ಅಂತಿದ್ದ ಜಾಗದಲ್ಲಿ ಅಡ್ಡಗೆರೆ ಎಳೆದು ನನ್ನ ಸಹಿ ತೆಗೆದುಕೊಂಡರು.

ಇಪ್ಪತ್ತೈದಕ್ಕೆ ಪಟ್ಟಿ ಮುಗಿಯುತ್ತದೆ. ನೀನು ಇಪ್ಪತ್ತೊಂದಕ್ಕೆ ಬರುತ್ತೀಯ. ಮನೆ ಹೋದರೆ ಹೋಗಲಿ ಅಂತ ಬರೆಯಲು ನನಗೆ ಕೈ ಬರುತ್ತಿಲ್ಲ. ಆದರೂ ನಿನ್ನ ಜನನ ಪತ್ರ ತೆಗೆದುಕೊಂಡು ಬಾ. ನಾನೂ ಗುಬ್ಬಿಯೂ ಬಸ್ ನಿಲ್ದಾಣಕ್ಕೆ ಬರುತ್ತೇವೆ, ನಾವು ಮಲಗುತ್ತಿದ್ದ ಆ ಕಂಬದ ಹತ್ತಿರ ನಿಂತಿರುತ್ತೇವೆ. ಅಲ್ಲಿ ನಮ್ಮನ್ನು ಯಾರೂ ಎಣಿಸುವುದಿಲ್ಲ. ಬಸ್ಸಿಳಿದ ಕೂಡಲೇ ಒಂದು ಸಲ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ, ಅಮ್ಮಾ ಅಂತ ಕೂಗು. ಅದನ್ನು ಕೇಳಿಸಿಕೊಂಡ ಮೇಲೆ ಮೇಡಂ ಕಚೇರಿಗೆ ಹೋಗಲು ನನಗೆ ಕಾಲು ಬರುತ್ತದೇನೋ ನೋಡೋಣ.