ಚಾಡಿಕೋರ ಸೇರುವುದಿಲ್ಲ

೧೪, ಮಂಗಳವಾರ

ಮೈ ಉರಿ ಇನ್ನೂ ಇಳಿದಿಲ್ಲ. ನಿಘಂಟಿನ ಕಾರ್ಡುಗಳನ್ನು ನಾನು ಮನೆಗೆ ತಂದು ತಿದ್ದುವ ಸಂಗತಿ ಪಕ್ಕದ ಮೇಜಿನವನೊಬ್ಬನಿಗೆ ಮಾತ್ರ ಗೊತ್ತಿತ್ತು. ಇವತ್ತು ಬೆಳಿಗ್ಗೆ ಸಂಪಾದಕರು ಒಳಗೆ ಕರೆದು, "ಕಾರ್ಡು ಮನೆಗೆ ತಗೊಂಡು ಹೋಗ್ತೀರಂತೆ. ಕಳೆದುಹೋದ್ರೆ ಯಾರ್ರೀ ಹೊಣೆ?" ಎಂದರು. ಹೇಳಿದವರು ಯಾರೆಂದು ಕೇಳುವ ಅಗತ್ಯವೇ ಇರಲಿಲ್ಲ.

ಮಧ್ಯಾಹ್ನ ಆ ಪುಣ್ಯಾತ್ಮ ಏನೂ ಆಗದವನ ಹಾಗೆ 'ಗೂಢಚಾರ' ಪದದ ಕಾರ್ಡು ಹಿಡಿದು ನನ್ನ ಬಳಿಗೇ ಬಂದ. ಬೇಹುಗಾರ, ಗುಪ್ತಚರ ಎರಡನ್ನೂ ಆಗಲೇ ಬರೆದಿದ್ದ.

"ಇದೇ ಅರ್ಥದ್ದು ಇನ್ನೊಂದು ಪದ ಇದ್ರೆ ಹೇಳಯ್ಯ."

"ಚಾಡಿಕೋರ," ಎಂದೆ, ಅವನ ಮುಖವನ್ನೇ ನೋಡುತ್ತ.

ಕಣ್ಣು ಕೂಡ ಮಿಟುಕಿಸಲಿಲ್ಲ. "ಅದು ಸೇರಲ್ಲ. ಚಾಡಿಕೋರ ತನ್ನವರ ಮೇಲೇ ಹೇಳ್ತಾನೆ. ಗೂಢಚಾರ ತಿಳಿಸೋದು ಶತ್ರುವಿನ ವಿಷಯ."

ದರಿದ್ರದವನು ಹೇಳಿದ್ದು ಸರಿಯೇ. ಪದದ ವಿಷಯದಲ್ಲಿ ಅವನು ಎಂದೂ ತಪ್ಪಿದ್ದಿಲ್ಲ. ಸಂಜೆ ಅವನು ಎದ್ದು ಹೋದ ಮೇಲೆ ಆ ಕಾರ್ಡನ್ನೇ ಊಟದ ಚೀಲಕ್ಕೆ ತುರುಕಿಕೊಂಡು ಬಂದೆ. ಬೇಕಾದರೆ ಅದನ್ನೂ ಹೋಗಿ ಸಂಪಾದಕರ ಕಿವಿಗೆ ಊದಲಿ.

ಈಗ ಅದು ಎದುರಿಗಿದೆ. ಅವನ ಅದೇ ದುಂಡು ಅಕ್ಷರ. ಒಂಬತ್ತು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತು ಕೆಲಸ ಮಾಡಿದೆವು. ಅವನ ಮಗಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ನಾನು. ಬರೀ ಚಾಡಿಕೋರನಾಗಿದ್ದರೆ ನಾಲ್ಕು ಬೈದು ಮರೆತುಬಿಡುತ್ತಿದ್ದೆ. ಆದರೆ ಆ ಪದ ಸೇರುವುದಿಲ್ಲ ಎಂದು ಅವನೇ ಹೇಳಿದನಲ್ಲ. ಹಾಗಾದರೆ ಇಷ್ಟು ವರ್ಷವೂ ನಾನು ಅವನವರಲ್ಲಿ ಒಬ್ಬನಲ್ಲ, ನಾನು ಅವನ ಶತ್ರು.